ಫಾರ್ಚುನರ್ 2.8 ಆಟೋಮ್ಯಾಟಿಕ್: ಪವರ್ ಏರಿಸಿ ಕೈ ಸುಟ್ಟುಕೊಂಡಿದ್ದೇನೆ, ಗೇರ್‌ಬಾಕ್ಸ್ ಗಟ್ಟಿ ಮಾಡಿಸೋದು ಹೇಗೆ?

ಹೆಬ್ಬಾಳ ಹೈವೇ · ಸೋಮವಾರ ರಾತ್ರಿ 10:40

ನಮಸ್ಕಾರ. ನಾನು ಮೈಸೂರಿನ ಹೆಬ್ಬಾಳದವನು. ಗಾಡಿ 2017ರ ಫಾರ್ಚುನರ್ 2.8, ಆರು ಗೇರಿನ ಆಟೋಮ್ಯಾಟಿಕ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಈಗ 1,18,000 ಕಿ.ಮೀ. ಆಗಿದೆ.

ಏಳು ತಿಂಗಳ ಹಿಂದೆ ಯಾರದೋ ಮಾತು ಕೇಳಿ ಇಂಜಿನ್ ಪವರ್ ಏರಿಸುವ ಟ್ಯೂನಿಂಗ್ ಬಾಕ್ಸ್ ಹಾಕಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ರೈಲ್ (ಇಂಜಿನ್ನಿಗೆ ಡೀಸೆಲ್ ಹಂಚುವ ಪೈಪು) ಪ್ರೆಶರ್ ಸೆನ್ಸರಿನ ಪಿನ್ ಬಿಚ್ಚಿ ಮಧ್ಯೆ ಸಿಕ್ಕಿಸಿದರು. ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಸುಳ್ಳು ಯಾಕೆ ಹೇಳಲಿ, ಗಾಡಿ ಹಾರಿತು. ಚಾಮುಂಡಿ ಬೆಟ್ಟ ಹತ್ತುವಾಗ ಮೊದಲು ಎರಡನೇ ಗೇರಿಗೆ ಇಳಿಯುತ್ತಿದ್ದ ಕಡೆಯೆಲ್ಲ ಮೂರರಲ್ಲೇ ಎಳೆಯುತ್ತಿತ್ತು.

ಹೋದ ತಿಂಗಳು ಮಂಡ್ಯ ಬೈಪಾಸ್ ದಾಟಿ ಮೈಸೂರಿನ ಕಡೆ ಬರುತ್ತಿದ್ದೆ. 90ರಲ್ಲಿ ಆರನೇ ಗೇರ್. ಸಣ್ಣ ಏರು. ಕಾಲು ಮೆಲ್ಲಗೆ ಒತ್ತಿದೆ. ಆರ್‌ಪಿಎಂ ಮುಳ್ಳು 1,500ರಿಂದ 1,800ಕ್ಕೆ ಹೋಯಿತು, ಸ್ಪೀಡ್ ಮಾತ್ರ ಅಲ್ಲೇ ನಿಂತಿತ್ತು. ಗೇರ್ ಇಳಿಯಿತಾ ಅಂತ ಎಸ್ ಮೋಡ್‌ಗೆ (ಗೇರನ್ನು ನಾವೇ ಆರಿಸುವ ಮೋಡ್) ತಳ್ಳಿ ನೋಡಿದೆ, ಆರೇ ಇದೆ. ಜೊತೆಗೆ ಕಾಲ ಕೆಳಗೆ ಒಂದು ನಡುಕ, ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಹೋದ ಹಾಗೆ. ಎರಡು ಸೆಕೆಂಡ್ ಬಂತು, ಹೋಯಿತು. ಈಗ ದಿನಾ ಬರುತ್ತಿದೆ.

ವಾಲ್ವ್ ಬಾಡಿ (ಗೇರ್‌ಬಾಕ್ಸಿನ ಎಣ್ಣೆ ಪ್ರೆಶರ್ ಹಂಚುವ ಭಾಗ) ಕಿಟ್, ದೊಡ್ಡ ಟಾರ್ಕ್ ಕನ್ವರ್ಟರ್, ಜಾಸ್ತಿ ಪ್ಲೇಟ್ ಇರುವ ಕ್ಲಚ್ ಪ್ಯಾಕ್ (ಗೇರ್ ಹಿಡಿಯುವ ಪ್ಲೇಟ್‌ಗಳ ಕಟ್ಟು) ಅಂತೆಲ್ಲ ಓದಿದ್ದೇನೆ. ಯಾವುದು ಮೊದಲು? ಬಂದ ಪವರ್ ಬಿಟ್ಟುಕೊಡಲು ಮನಸ್ಸಿಲ್ಲ.

ಮದ್ದೂರು ವಡೆ · ಸೋಮವಾರ ರಾತ್ರಿ 11:05

ಗುರು, 100ರ ಲಿಮಿಟ್ ಇರೋ ಎಕ್ಸ್‌ಪ್ರೆಸ್‌ವೇಯಲ್ಲಿ, ಕಂಬಕ್ಕೊಂದು ಕ್ಯಾಮೆರಾ ಇರೋ ಕಡೆ, ಈ ಪವರ್ ಇಟ್ಟುಕೊಂಡು ಏನು ಮಾಡ್ತೀರಿ? ಬಾಕ್ಸ್ ಕಿತ್ತು ಬಿಸಾಕಿ, ಮದ್ದೂರಲ್ಲಿ ಇಳಿದು ವಡೆ ತಿಂದು ನಿಧಾನವಾಗಿ ಬನ್ನಿ.

ರಿಂಗ್ ರೋಡ್ ರಾಜ · ಮಂಗಳವಾರ ಬೆಳಿಗ್ಗೆ 7:15

ವಡೆ ಸಾರ್ ಮಾತು ಬಿಡಿ. ವಾಲ್ವ್ ಬಾಡಿ ಕಿಟ್ ಹಾಕಿಸಿ, ಲೈನ್ ಪ್ರೆಶರ್ (ಗೇರ್‌ಬಾಕ್ಸ್ ಒಳಗಿನ ಎಣ್ಣೆ ಪ್ರೆಶರ್) ಏರಿಸಿ, ಮುಗೀತು. ಆಸ್ಟ್ರೇಲಿಯಾದಲ್ಲಿ ಹೈಲಕ್ಸ್ ಹಿಂದೆ ಕ್ಯಾರವಾನ್ ಕಟ್ಟಿ ಎಳೆಯುವವರು ಮಾಡಿಸೋದು ಇದನ್ನೇ. ನನ್ನ ಸ್ನೇಹಿತನ ಗಾಡಿಗೂ ಆಗಿದೆ. ಗೇರ್ ಬಿದ್ದರೆ ಬೆನ್ನಿಗೆ ಗುದ್ದಿದ ಹಾಗೆ ಬೀಳುತ್ತೆ, ಮಜಾ ಬೇರೆ.

ಗೇರ್ ಬಿಚ್ಚುವವ · ಮಂಗಳವಾರ ಮಧ್ಯಾಹ್ನ 2:20

ಊಟದ ಬಿಡುವಿನಲ್ಲಿ ಬರೀತಿದ್ದೇನೆ, ಕೈಯಲ್ಲಿ ಗ್ರೀಸ್ ಇದೆ, ತಪ್ಪಿದ್ದರೆ ಹೊಂದಿಸಿಕೊಳ್ಳಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ.

ಹೈವೇ ಅವರೇ, ಇದು ಟಾರ್ಕ್ ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ ಜಾರುತ್ತಿರುವ ಲಕ್ಷಣ. ಖಾತ್ರಿ ಮಾಡಿಕೊಳ್ಳಬೇಕಾದರೆ ಹಿಂದೆ ಮುಂದೆ ಯಾರೂ ಇಲ್ಲದ ಕಡೆ, ನಡುಕ ಬಂದಾಗ ಎಕ್ಸಲರೇಟರ್ ಹಾಗೇ ಹಿಡಿದು, ಎಡಗಾಲಿನಿಂದ ಬ್ರೇಕ್ ಪೆಡಲ್ ಸುಮ್ಮನೆ ಮುಟ್ಟಿ. ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ. ಬ್ರೇಕ್ ಮುಟ್ಟಿದ ಕೂಡಲೇ ಲಾಕಪ್ ಬಿಡುತ್ತೆ. ನಡುಕ ಆ ಕ್ಷಣವೇ ನಿಂತರೆ ಲಾಕಪ್ಪೇ.

ಅದು ಯಾಕೆ ಮೊದಲು ಹೋಗುತ್ತೆ? ಟಾರ್ಕ್ ಕನ್ವರ್ಟರ್ ಅಂದರೆ ಎಣ್ಣೆ ತುಂಬಿದ ಒಂದು ಗುಂಡು ಪಾತ್ರೆ. ಒಳಗೆ ಎದುರುಬದುರು ಎರಡು ರೆಕ್ಕೆಚಕ್ರ, ಮಧ್ಯೆ ಎಣ್ಣೆಯ ದಿಕ್ಕು ತಿರುಗಿಸುವ ಸ್ಟೇಟರ್. ನಿಂತ ಜಾಗದಿಂದ ಹೊರಡುವಾಗ ಇಂಜಿನ್ ಟಾರ್ಕನ್ನು (ತಿರುಗಿಸುವ ಬಲ) ಇದೇ ಹೆಚ್ಚುಕಡಿಮೆ ಎರಡು ಪಟ್ಟು ಮಾಡಿ ಒಳಗೆ ಕಳಿಸುತ್ತೆ. ಹಾಗಾಗಿ ಒಳಗಿನ ಕ್ಲಚ್ ಪ್ಯಾಕ್‌ಗಳನ್ನು ಆ ಹೊಡೆತ ತಡೆಯುವ ಹಾಗೇ ಮಾಡಿರುತ್ತಾರೆ. ಆದರೆ ಓಡುವಾಗ ಎಣ್ಣೆಯಲ್ಲಿ ಪವರ್ ಸೋರಿ ಹೋಗಬಾರದು ಅಂತ ಕನ್ವರ್ಟರ್ ಒಳಗೇ ಒಂದು ತೆಳು ಕ್ಲಚ್ ಇಟ್ಟಿರುತ್ತಾರೆ, ಅದು ಎರಡು ಚಕ್ರವನ್ನೂ ಒಂದು ಮಾಡಿ ಹಿಡಿಯುತ್ತೆ. ಅದೇ ಲಾಕಪ್. ಅದಕ್ಕೆ ಆ ಎರಡು ಪಟ್ಟು ಹೊಡೆತ ಯಾವತ್ತೂ ಬೀಳೋದಿಲ್ಲ, ಇಂಜಿನ್ ಟಾರ್ಕ್ ಮಾತ್ರ ತಡೆದರೆ ಸಾಕು. ಅದಕ್ಕೇ ಅದರಲ್ಲಿ ಉಳಿಕೆ ತಾಕತ್ತು ಕಡಿಮೆ. ನಿಮ್ಮ ಬಾಕ್ಸ್ ಟಾರ್ಕ್ ಏರಿಸಿದ್ದು ಎಲ್ಲಿ? 1,500 ಆರ್‌ಪಿಎಂನಲ್ಲಿ, ಸರಿಯಾಗಿ ಲಾಕಪ್ ಹಿಡಿದಿರುವ ಜಾಗದಲ್ಲಿ.

ಈಗ ಮುಖ್ಯ ವಿಷಯ. ಜಾಸ್ತಿ ಪವರ್ ಬಂದಿದ್ದು ಅರ್ಧ ತಪ್ಪು. ಇನ್ನರ್ಧ, ಬಂದಿದ್ದನ್ನು ಗೇರ್‌ಬಾಕ್ಸಿಗೆ ಯಾರೂ ಹೇಳಲಿಲ್ಲ.

ನಿಮ್ಮ ಬಾಕ್ಸ್ ಮಾಡೋದು ಇಷ್ಟೇ. ರೈಲ್‌ನಲ್ಲಿ ಪ್ರೆಶರ್ ಕಡಿಮೆ ಇದೆ ಅಂತ ಇಂಜಿನ್ ಕಂಪ್ಯೂಟರಿಗೆ ಸುಳ್ಳು ಹೇಳುತ್ತೆ. ಅದು ನಂಬಿ ಪ್ರೆಶರ್ ಏರಿಸುತ್ತೆ, ಡೀಸೆಲ್ ಜಾಸ್ತಿ ಬೀಳುತ್ತೆ. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಬಿದ್ದಿದ್ದು ಹಳೇ ಅಳತೆ. ಗೇರ್‌ಬಾಕ್ಸ್ ಕಂಪ್ಯೂಟರ್ 'ಈಗ ಎಷ್ಟು ಟಾರ್ಕ್' ಅಂತ ಕೇಳಿದರೆ ಇದು '300' ಅನ್ನುತ್ತೆ. ನಿಜವಾಗಿ ಬರ್ತಿರೋದು, ಉದಾಹರಣೆಗೆ, 360. ಗೇರ್‌ಬಾಕ್ಸ್ ಪಾಪ 300ಕ್ಕೆ ತಕ್ಕಷ್ಟೇ ಎಣ್ಣೆ ಪ್ರೆಶರ್ ಕೊಟ್ಟು ಪ್ಲೇಟ್ ಒತ್ತುತ್ತೆ. ಉಳಿದ 60 ಎಲ್ಲಿಗೆ ಹೋಗಬೇಕು? ಪ್ಲೇಟ್ ಜಾರುತ್ತೆ, ಬಿಸಿಯಾಗುತ್ತೆ, ಸುಡುತ್ತೆ.

ರಾಜ ಅವರು ಹೇಳಿದ್ದು ಸುಳ್ಳಲ್ಲ. ಕ್ಲಚ್ ಪ್ಯಾಕಿನ ಹಿಡಿತ ಅಂದರೆ ಪ್ಲೇಟ್ ಎಷ್ಟು, ಅಗಲ ಎಷ್ಟು, ಮೇಲಿನ ಲೈನಿಂಗ್ ಎಂಥದ್ದು, ಒತ್ತುವ ಪ್ರೆಶರ್ ಎಷ್ಟು, ಇಷ್ಟೇ. ಪ್ರೆಶರ್ ಏರಿದರೆ ಹಿಡಿತ ಏರುತ್ತೆ. ಆದರೆ ವಾಲ್ವ್ ಬಾಡಿಯಲ್ಲಿ ಸ್ಪ್ರಿಂಗ್ ಬದಲಾಯಿಸಿ ಏರಿಸಿದರೆ ಎಲ್ಲ ಹೊತ್ತಿನಲ್ಲೂ ಏರಿರುತ್ತೆ. ದೇವರಾಜ ಅರಸು ರಸ್ತೆಯ ಟ್ರಾಫಿಕ್‌ನಲ್ಲೂ ಬೆನ್ನಿಗೆ ಗುದ್ದುತ್ತೆ, ಹಿಂದೆ ಕೂತ ಅಮ್ಮ ಬೈತಾರೆ. ಈಗಾಗಲೇ ಸವೆದ ಲಾಕಪ್ ಇಟ್ಟುಕೊಂಡು ಕಿಟ್ ಹಾಕಿಸೋದು ಅಟ್ಟೆ ಸವೆದ ಚಪ್ಪಲಿಗೆ ಹೊಸ ಉಂಗುಷ್ಟ ಹಾಕಿಸಿದ ಹಾಗೆ.

ಇವತ್ತೇ ಆ ಬಾಕ್ಸ್ ತೆಗೆಯಿರಿ. ಆಮೇಲೆ ಮಾತು.

ಸಕ್ಕರೆ ನಾಡು · ಮಂಗಳವಾರ ರಾತ್ರಿ 9:10

ಎತ್ತು ಜೋರಾಯ್ತು, ನೊಗ ಅದೇ ಹಳೇದು. ಸರಿಯಾಗಿ ಹೇಳಿದಿರಿ ಅಣ್ಣ.

ಒಂದು ಅನುಮಾನ. ನಮ್ಮನೇಲಿ ಸ್ಕಾರ್ಪಿಯೋ-ಎನ್ ಡೀಸೆಲ್ ಇದೆ. ಕಂಪನಿಯವರೇ ಮ್ಯಾನುಯಲ್‌ಗೆ 370 ಎನ್‌ಎಂ (ನ್ಯೂಟನ್ ಮೀಟರ್, ಟಾರ್ಕಿನ ಅಳತೆ) ಕೊಟ್ಟು ಆಟೋಮ್ಯಾಟಿಕ್‌ಗೆ 400 ಕೊಟ್ಟಿದ್ದಾರೆ. ಅಂದರೆ ಆಟೋಮ್ಯಾಟಿಕ್ಕೇ ಗಟ್ಟಿ ಅಲ್ವಾ? ಎಲ್ಲರೂ ಆಟೋಮ್ಯಾಟಿಕ್ ನಾಜೂಕು ಅಂತಾರಲ್ಲ.

ಬ್ಯಾಕ್‌ಲಾಗ್ ಮೆಕ್ · ಮಂಗಳವಾರ ರಾತ್ರಿ 9:48

ಒಳ್ಳೆ ಪ್ರಶ್ನೆ. ಫಾರ್ಚುನರ್‌ನಲ್ಲೂ ಹಾಗೇ ಇದೆ. 2016ರದ್ದು ಮ್ಯಾನುಯಲ್ 420, ಆಟೋಮ್ಯಾಟಿಕ್ 450. 2021ರಲ್ಲಿ ಹೊಸದು ಬಂದಾಗ ಆಟೋಮ್ಯಾಟಿಕ್‌ಗೆ 500 ಆಯಿತು, ಮ್ಯಾನುಯಲ್ 420ರಲ್ಲೇ ಉಳಿಯಿತು. ಎಕ್ಸ್‌ಯುವಿ700 ಡೀಸೆಲ್‌ನಲ್ಲಿ 420 ಮತ್ತು 450. ಒಳ್ಳೆ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ನಾಜೂಕಲ್ಲ. ಮ್ಯಾನುಯಲ್‌ನಲ್ಲಿ ನಾವು ಕ್ಲಚ್ ದಬಕ್ಕಂತ ಬಿಟ್ಟರೆ ಹೊಡೆತ ನೇರವಾಗಿ ಗೇರ್ ಹಲ್ಲಿಗೆ. ಇಲ್ಲಿ ಮಧ್ಯೆ ಎಣ್ಣೆ ಇದೆ, ಗೇರ್ ಬದಲಾಗುವ ಕ್ಷಣ ಇಂಜಿನ್ನಿನ ಟಾರ್ಕನ್ನು ಕಂಪ್ಯೂಟರೇ ತಗ್ಗಿಸುತ್ತೆ. ಎರಡು ಕಂಪ್ಯೂಟರ್ ಮಾತಾಡಿಕೊಂಡಿರುವ ತನಕ ಅದು ಗಟ್ಟಿ.

ಆದರೆ ಹೈವೇ ಅವರು '2021ರದ್ದಕ್ಕೆ 500 ಕೊಟ್ಟಿದ್ದಾರೆ, ನನ್ನದೂ ತಡೆಯುತ್ತೆ' ಅಂತ ಹೊರಡಬೇಡಿ. ಆರು ಗೇರು ಅಂದ ಮಾತ್ರಕ್ಕೆ ಒಳಗಿನ ಸಾಮಾನೆಲ್ಲ ಒಂದೇ ಅಂತಲ್ಲ. ಆ 500ಕ್ಕೆ ತಕ್ಕ ಹಾಗೆ ಗೇರ್‌ಬಾಕ್ಸಿನ ಪ್ರೋಗ್ರಾಮ್ ಕೂಡ ಇರುತ್ತೆ.

ಇನ್ನೊಂದು ಲೆಕ್ಕ ಹಾಕಿದೆ, ನಾಲ್ಕು ಸಲ ಫೇಲಾದ ಸಬ್ಜೆಕ್ಟು, ಈಗ ಉಪಯೋಗಕ್ಕೆ ಬಂತು. ಪವರ್ ಅಂದರೆ ಟಾರ್ಕ್ ಗುಣಿಸು ಆರ್‌ಪಿಎಂ. ಎನ್‌ಎಂ ಅನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್. ನಿಮ್ಮ ಗಾಡಿ ಕಂಪನಿ ಲೆಕ್ಕದಲ್ಲಿ 3,400 ಆರ್‌ಪಿಎಂಗೆ 177 ಪಿಎಸ್ (ಅಶ್ವಶಕ್ತಿ). ತಿರುಗಿಸಿ ಲೆಕ್ಕ ಹಾಕಿದರೆ ಅಲ್ಲಿ ಟಾರ್ಕ್ ಬರೀ 366 ಎನ್‌ಎಂ. ಪೂರ್ತಿ 450 ಬರೋದು 1,600ರಿಂದ 2,400ರ ತನಕ ಮಾತ್ರ, ಆಮೇಲೆ ಇಳಿಜಾರು.

ಈಗ ಆ 450ನ್ನು ಮುಟ್ಟಲೇ ಬೇಡಿ. ಮೇಲಿನ ಇಳಿಜಾರು ಮಾತ್ರ ಸ್ವಲ್ಪ ತುಂಬಿ, 3,400ರಲ್ಲಿ 420 ಬರುವ ಹಾಗೆ. 420 ಗುಣಿಸು 3,400, ಭಾಗಿಸು 9,549. ಸುಮಾರು 149.5 ಕಿಲೋವ್ಯಾಟ್. ಅಂದರೆ 203 ಪಿಎಸ್! ಹೆಚ್ಚುಕಡಿಮೆ 2021ರ ಗಾಡಿಯ ಪವರ್. ಗೇರ್‌ಬಾಕ್ಸಿಗೆ ಬೀಳುವ ಗರಿಷ್ಠ ಟಾರ್ಕ್ ಒಂದು ಎನ್‌ಎಂ ಕೂಡ ಏರಲಿಲ್ಲ.

ಗೇರ್ ಬಿಚ್ಚುವವ · ಮಂಗಳವಾರ ರಾತ್ರಿ 10:30

ಬ್ಯಾಕ್‌ಲಾಗ್ ಅವರೇ, ನೀವು ಪಾಸಾಗಬೇಕಿತ್ತು. ಮೇಲೆ ತುಂಬಿದಷ್ಟೂ ಟರ್ಬೊ, ಎಕ್ಸಾಸ್ಟ್ ಬಿಸಿ ಏರುತ್ತೆ ಅನ್ನೋದು ನೆನಪಿರಲಿ. ಆದರೂ ಗೇರ್‌ಬಾಕ್ಸಿನ ಕಡೆಯಿಂದ ನೋಡಿದರೆ ಇದೇ ಸರಿಯಾದ ದಾರಿ. ಗಿರಾಕಿಗಳಿಗೆ ಇದು ಬೇಡ, ಕಾಲಿಟ್ಟ ಕೂಡಲೇ ನುಗ್ಗಬೇಕು.

ಕುವೆಂಪುನಗರ ಟಿಎಸ್‌ಐ · ಬುಧವಾರ ಬೆಳಿಗ್ಗೆ 8:02

ಮಧ್ಯೆ ಬಾಯಿ ಹಾಕ್ತೀನಿ. ನನ್ನದು ಆಕ್ಟೇವಿಯಾ 1.8 ಟಿಎಸ್‌ಐ, ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್). ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಮ್ ಬದಲಾವಣೆ) ಮಾಡಿಸಿದರೆ 320 ಎನ್‌ಎಂ ದಾಟುತ್ತೆ ಅಂತಿದ್ದಾರೆ. ಮಾಡಿಸಬಹುದಾ?

ಬ್ಯಾಕ್‌ಲಾಗ್ ಮೆಕ್ · ಬುಧವಾರ ಬೆಳಿಗ್ಗೆ 8:20

ನಿಮ್ಮ ಉತ್ತರ ಕಂಪನಿಯೇ ಬರೆದಿಟ್ಟಿದೆ. ಅದೇ 180 ಪಿಎಸ್ ಇಂಜಿನ್‌ಗೆ ಯುರೋಪಿನಲ್ಲಿ ಮ್ಯಾನುಯಲ್ ಹಾಕಿದಾಗ 320 ಎನ್‌ಎಂ ಬಿಟ್ಟರು. ಈ ಡಿಎಸ್‌ಜಿ ಹಾಕಿದಾಗ 250ಕ್ಕೆ ಕಟ್ಟಿಹಾಕಿದರು. ಯಾಕೆಂದರೆ ನಿಮ್ಮದು ಡಿಕ್ಯೂ200, ಒಣ ಕ್ಲಚ್ಚಿನದು, ಅದರ ಮಿತಿಯೇ 250. ಆಕ್ಟೇವಿಯಾ ಆರ್‌ಎಸ್ 230ರಲ್ಲಿದ್ದ ಡಿಕ್ಯೂ250 ಎಣ್ಣೆಯಲ್ಲಿ ಮುಳುಗಿರುವ ಕ್ಲಚ್, ಅದಕ್ಕೆ ಕಂಪನಿಯೇ 350 ಕೊಟ್ಟಿತ್ತು. ಹೆಸರು ಎರಡಕ್ಕೂ ಡಿಎಸ್‌ಜಿ, ಜಾತಿ ಬೇರೆ.

ಮದ್ದೂರು ವಡೆ · ಬುಧವಾರ ಬೆಳಿಗ್ಗೆ 8:31

ನನ್ನ ವ್ಯಾಗನ್‌ಆರ್ ಎಎಂಟಿಗೆ ಏನಾದರೂ ಮಾಡಬಹುದಾ? ಮಾವ ದಿನಾ ಬೈತಾರೆ, ಗೇರ್ ಬೀಳುವಾಗ ತೂಕಡಿಸಿದ ಹಾಗೆ ಆಗುತ್ತೆ ಅಂತ.

ಗೇರ್ ಬಿಚ್ಚುವವ · ಬುಧವಾರ ಮಧ್ಯಾಹ್ನ 1:50

ಅದು ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತೋಕೆ ಮತ್ತು ಗೇರ್ ಹಾಕೋಕೆ ಮಾತ್ರ ಒಂದು ಯಂತ್ರ ಇಟ್ಟಿದ್ದಾರೆ. ಗೇರ್ ಬೀಳುವ ಹೊತ್ತಿಗೆ ಕಾಲು ಸ್ವಲ್ಪ ಎತ್ತಿ. ಮಾವ ಸುಮ್ಮನಾಗ್ತಾರೆ.

ಹೆಬ್ಬಾಳ ಹೈವೇ · ಭಾನುವಾರ ಸಂಜೆ 6:15

ಬಾಕ್ಸ್ ಕಿತ್ತೆ. ಬ್ರೇಕ್ ಮುಟ್ಟುವ ಪರೀಕ್ಷೆಯನ್ನೂ ಮಾಡಿದೆ. ಮುಟ್ಟಿದ ಕೂಡಲೇ ನಡುಕ ಮಾಯ. ಇವತ್ತು 'ಗೇರ್ ಬಿಚ್ಚುವವ' ಅವರ ಹತ್ತಿರವೇ ಗಾಡಿ ಒಯ್ದೆ, ಗೇರ್‌ಬಾಕ್ಸಿನ ತಳದ ಎಣ್ಣೆ ಪ್ಯಾನ್ ಇಳಿಸುವುದನ್ನು ಪಕ್ಕದಲ್ಲೇ ಕೂತು ನೋಡಿದೆ.

ಬೋಲ್ಟ್‌ಗಳನ್ನು ಒಂದೊಂದಾಗಿ ಸಡಿಲ ಮಾಡಿ, ಒಂದು ಮೂಲೆ ಮಾತ್ರ ಇಳಿಸಿದರು. ಎಣ್ಣೆ ಬಂತು. ಹೊಸ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ದಾಸವಾಳದ ಹಾಗೆ ಕೆಂಪಗಿರುತ್ತೆ ಅಂತ ಬಾಟಲಿ ತೋರಿಸಿದರು. ನನ್ನದು ಕಾಫಿ ಡಿಕಾಕ್ಷನ್. ವಾಸನೆ ತಳ ಹತ್ತಿದ ಪಾತ್ರೆಯದು. ಒಂದು ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಟ್ಟರು. ಎಣ್ಣೆ ಸುತ್ತ ಹರಡಿತು, ನಡುವೆ ಕಪ್ಪು ಚುಕ್ಕೆ ಉಳಿಯಿತು. ಪ್ಯಾನಿನ ತಳದಲ್ಲಿ ಪುಟ್ಟ ಅಯಸ್ಕಾಂತಗಳಿದ್ದವು, ಗುರುತೇ ಸಿಗದಷ್ಟು ಬೂದು ಮೆತ್ತಿತ್ತು. ಅವರು ಅದನ್ನು ಬೆರಳಲ್ಲಿ ತೆಗೆದು, ಹೆಬ್ಬೆರಳಿನಿಂದ ಉಜ್ಜಿ, ಬಿಸಿಲಿಗೆ ಹಿಡಿದರು. ಕಾಡಿಗೆಯ ಹಾಗೆ ನುಣ್ಣಗಿತ್ತು. 'ಹೊಳೆಯುವ ಲೋಹದ ಚೂರು ಇಲ್ಲ, ಗೇರ್ ಹಲ್ಲು, ಬೇರಿಂಗ್ ಬಚಾವ್' ಅಂದರು. ಅಷ್ಟು ಹೊತ್ತು ನಾನು ಉಸಿರು ಹಿಡಿದುಕೊಂಡಿದ್ದೆ.

ಹಿಂದಿನ ಓನರ್ ಈ ಎಣ್ಣೆ ಒಮ್ಮೆಯೂ ಬದಲಾಯಿಸಿಲ್ಲ ಅಂತ ಕಾಣುತ್ತೆ. ಜೀವನಪೂರ್ತಿ ಬರುತ್ತೆ ಅಂತ ಯಾರೋ ಹೇಳಿರಬೇಕು. ಯಾರ ಜೀವನವೋ.

ಗೇರ್ ಬಿಚ್ಚುವವ · ಭಾನುವಾರ ರಾತ್ರಿ 9:00

ಇವರ ಒಪ್ಪಿಗೆ ಕೇಳಿಯೇ ಬರೀತಿದ್ದೇನೆ. ಬಿಚ್ಚಿ ಒಳಗೆ ನೋಡಬೇಕು, ಕನ್ವರ್ಟರ್ ಅಂತೂ ರಿಪೇರಿ ಆಗಲೇಬೇಕು. ಅದನ್ನು ಲೇಥಿನಲ್ಲಿ ಕೊಯ್ದು, ಲಾಕಪ್ ಲೈನಿಂಗ್ ಹೊಸದು ಕೂರಿಸಿ, ಮತ್ತೆ ವೆಲ್ಡ್ ಮಾಡಿ, ಬ್ಯಾಲೆನ್ಸ್ ಮಾಡಿ, ಲೀಕ್ ನೋಡಬೇಕು. ನನ್ನ ಹತ್ತಿರ ಆ ಯಂತ್ರ ಇಲ್ಲ, ಹೊರಗೆ ಕಳಿಸ್ತೇನೆ. ಎರಡು ವಾರ ಹಿಡಿಯುತ್ತೆ.

ಗೇರ್‌ಬಾಕ್ಸ್ ಎಣ್ಣೆ ತಣಿಸುವ ಕೂಲರ್ ಬಗ್ಗೆ ಬಂದಾಗ ಕೇಳಿದ್ದಿರಿ. ಹಾಕಿಸಿ. ಕಂಪನಿ ಕೊಟ್ಟಿದ್ದನ್ನು ತೆಗೆಯಬೇಡಿ, ಅದರ ಮುಂದಕ್ಕೆ ಇನ್ನೊಂದನ್ನು ಜೋಡಿಸೋದು. ಥರ್ಮೋಸ್ಟಾಟ್ ಇರಲಿ, ಎಣ್ಣೆ ತೀರಾ ತಣ್ಣಗಿದ್ದರೂ ಗೇರ್ ಸರಿಯಾಗಿ ಬೀಳೋದಿಲ್ಲ. ಎಟಿಎಫ್ 80ರಿಂದ 95 ಡಿಗ್ರಿಯಲ್ಲಿ ಆರಾಮ. 120ರ ಮೇಲೆ ದಿನಾ ಓಡಿದರೆ ಎಣ್ಣೆಯ ಆಯಸ್ಸು ಭರಭರ ಇಳಿಯುತ್ತೆ. 150 ಮುಟ್ಟಿದರೆ ರಬ್ಬರ್ ಸೀಲುಗಳು ಗಟ್ಟಿಯಾಗಿ ಪ್ರೆಶರ್ ಸೋರುತ್ತೆ, ಸೋರಿದರೆ ಪ್ಲೇಟ್ ಜಾರುತ್ತೆ, ಜಾರಿದರೆ ಇನ್ನೂ ಬಿಸಿ.

ಪಾಲಿಸಿ ಪುಟ · ಸೋಮವಾರ ಬೆಳಿಗ್ಗೆ 9:30

ಒಂದೇ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಿ, ಕಂಪನಿಯ ಮೂಲ ವಿವರಕ್ಕೆ ಹೊರತಾಗಿ ಗಾಡಿ ಬದಲಾಯಿಸುವಂತಿಲ್ಲ. ಪವರ್ ಏರಿಸಿದ್ದನ್ನು ವಿಮೆಯವರಿಗೆ ತಿಳಿಸದೆ ಇದ್ದರೆ ಕ್ಲೇಮ್ ಹೊತ್ತಿಗೆ ತಕರಾರು ಬರಬಹುದು. ಕೂಲರ್, ಎಣ್ಣೆ, ಒಳಗಿನ ರಿಪೇರಿ ಬೇರೆ ಮಾತು.

ಹೆಬ್ಬಾಳ ಹೈವೇ · ಮೂರು ವಾರ ಆದ ಮೇಲೆ, ಶನಿವಾರ

ಕೊಯ್ದ ಕನ್ವರ್ಟರ್ ನೋಡಿದೆ. ಲಾಕಪ್ ಲೈನಿಂಗ್ ಒಂದು ಕಡೆ ಪೂರ್ತಿ ಹೋಗಿ ಲೋಹ ಕಾಣುತ್ತಿತ್ತು. ಎದುರಿನ ಉಕ್ಕಿನ ಮುಖ ನವಿಲಿನ ಕತ್ತಿನ ಹಾಗೆ ನೀಲಿ. ಅಷ್ಟು ಕಾದಿದೆ. ಒಳಗಿನ ಪ್ಯಾಕ್‌ಗಳಲ್ಲಿ ಮೇಲಿನ ಗೇರುಗಳಿಗೆ ಬಳಕೆಯಾಗುವ ಒಂದು ಮಾತ್ರ ಗಾಜಿನ ಹಾಗೆ ನುಣುಪಾಗಿತ್ತು. ಉಳಿದವು ಇನ್ನೂ ಚೆನ್ನಾಗಿದ್ದವು, ಆದರೂ ಬಿಚ್ಚಿದ ಮೇಲೆ ಎಲ್ಲ ಪ್ಲೇಟ್, ಎಲ್ಲ ಸೀಲ್ ಹೊಸದು ಹಾಕಿಸಿದೆ. ಲೈನಿಂಗ್ ಪುಡಿ ಸೇರಿಕೊಂಡಿರುತ್ತೆ ಅಂತ ವಾಲ್ವ್ ಬಾಡಿ ಬಿಚ್ಚಿ ತೊಳೆದರು, ಕೂಲರ್ ಪೈಪುಗಳನ್ನೂ ತೊಳೆದರು. ವಾಲ್ವ್ ಬಾಡಿ ಕಿಟ್ ಹಾಕಲಿಲ್ಲ. ರಾಜ ಅವರೇ ಬೇಜಾರಾಗಬೇಡಿ.

ದುಡ್ಡಿನ ಮಾತು ಬೇಡ, ಮನೆಯವಳೂ ಇದನ್ನು ಓದುತ್ತಾಳೆ.

ರಿಂಗ್ ರೋಡ್ ರಾಜ · ಶನಿವಾರ ರಾತ್ರಿ

ಬೇಜಾರಿಲ್ಲ ಬ್ರದರ್. ಆದರೆ ಇಷ್ಟೆಲ್ಲ ಹೊಸದು ಹಾಕಿ ಪವರ್ ಸ್ಟಾಕ್ ಇಟ್ಟರೆ ಏನು ಬಂತು? ಈಗಲೂ ಹೇಳ್ತೀನಿ, ಭಾರ ಎಳೆಯುವ ಗಾಡಿಗೆ ಪ್ರೆಶರ್ ಏರಿಸೋದೇ ಸರಿ.

ಗೇರ್ ಬಿಚ್ಚುವವ · ಶನಿವಾರ ರಾತ್ರಿ

ಟ್ರೇಲರ್ ಎಳೆಯುವವರಿಗೆ ಹೌದು, ಒಪ್ಪುತ್ತೇನೆ. ಇವರು ಎಳೆಯೋದು ಹೆಂಡತಿ, ಇಬ್ಬರು ಮಕ್ಕಳು, ಊಟಿಗೆ ನಾಲ್ಕು ಬ್ಯಾಗು. ಸಾವಿರ ಕಿ.ಮೀ. ಓಡಲಿ, ಆಮೇಲೆ ಮ್ಯಾಪ್. ಇಂಜಿನ್ ಮ್ಯಾಪ್ ಮಾಡುವವರು ಟಾರ್ಕ್ ಲೆಕ್ಕದ ಕೋಷ್ಟಕವನ್ನೂ ಸರಿ ಮಾಡುತ್ತಾರಾ, ಗೇರ್‌ಬಾಕ್ಸ್ ಕಂಪ್ಯೂಟರ್ ಮುಟ್ಟುತ್ತಾರಾ ಅಂತ ಮೊದಲೇ ಕೇಳಿ. 'ಅದೆಲ್ಲ ಬೇಕಾಗಿಲ್ಲ ಸಾರ್' ಅಂದರೆ ಎದ್ದು ಬನ್ನಿ.

ಹೆಬ್ಬಾಳ ಹೈವೇ · ಎರಡು ತಿಂಗಳ ನಂತರ

ತಡವಾಯಿತು. ಮೂರು ಕಡೆ ಕೇಳಿದೆ. ಇಬ್ಬರು ಅದೇ ಮಾತು ಹೇಳಿದರು, ಅದೆಲ್ಲ ಬೇಕಾಗಿಲ್ಲ ಸಾರ್. ಮೂರನೆಯವರು ಲ್ಯಾಪ್‌ಟಾಪ್ ತಿರುಗಿಸಿ ಕೋಷ್ಟಕ ತೋರಿಸಿದರು. ಅವರ ಹತ್ತಿರ ಮಾಡಿಸಿದೆ. ಕೆಳಗೆ 450 ಮುಟ್ಟಿಲ್ಲ, ಮೇಲೆ ಮಾತ್ರ ತುಂಬಿಸಿದೆ, ಬ್ಯಾಕ್‌ಲಾಗ್ ಅವರ ಲೆಕ್ಕದ ಹಾಗೆ. ಕಾಲಿಟ್ಟ ಕೂಡಲೇ ನುಗ್ಗುವ ಹುಚ್ಚು ಈಗಿಲ್ಲ. ಆದರೆ ಓವರ್‌ಟೇಕ್ ಮಾಡುವಾಗ ಮೂರು ಸಾವಿರದ ಮೇಲೂ ಉಸಿರು ಕಟ್ಟೋದಿಲ್ಲ. ವಿಮೆಯವರಿಗೂ ಪತ್ರ ಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಹೋದ ವಾರ ಊಟಿಗೆ ಹೋಗಿದ್ದೆವು. ಬಂಡೀಪುರ ಗೇಟ್ ಬೆಳಿಗ್ಗೆ ಆರಕ್ಕೆ ತೆಗೆಯುವಾಗ ಸಾಲಿನಲ್ಲಿ ನಾವು ನಾಲ್ಕನೆಯವರು. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ, 36 ತಿರುವು. ಒಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಹಾಕಿ ಎಣ್ಣೆಯ ಬಿಸಿ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೆ. ಬಾಕ್ಸ್ ಇದ್ದಾಗ ಇದೇ ಘಾಟಿಯಲ್ಲಿ 121 ನೋಡಿದ್ದೆ, ಆಗ ಅದರ ಅರ್ಥ ಗೊತ್ತಿರಲಿಲ್ಲ. ಈ ಸಲ ಎಸ್ ಮೋಡ್‌ನಲ್ಲಿ ಎರಡರಲ್ಲೇ ಹತ್ತಿಸಿದೆ, 98 ದಾಟಲಿಲ್ಲ. ಮಗಳು ಪ್ರತಿ ತಿರುವಿನಲ್ಲೂ ನಂಬರ್ ಓದಿ ಹೇಳುತ್ತಿದ್ದಳು.

ಒಂದೇ ಕೊರತೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಎರಡರಿಂದ ಮೂರಕ್ಕೆ ಹೋಗುವಾಗ ಒಂದು ಸಣ್ಣ ಜಗ್ಗು. ಬಿಸಿಯಾದ ಮೇಲೆ ಇಲ್ಲ.

ಗೇರ್ ಬಿಚ್ಚುವವ · ಅದೇ ದಿನ ರಾತ್ರಿ

ಹೊಸ ಪ್ಲೇಟ್‌ಗಳಿಗೆ ಕಂಪ್ಯೂಟರ್ ಇನ್ನೂ ಹೊಂದಿಕೊಂಡಿಲ್ಲದೆ ಇರಬಹುದು, ಇಲ್ಲವೇ ಎಣ್ಣೆ ಒಂದು ಲೋಟ ಕಡಿಮೆ ಇರಬಹುದು. ಮೊದಲು ಮಟ್ಟ ನೋಡೋಣ. ಇದಕ್ಕೆ ಡಿಪ್‌ಸ್ಟಿಕ್ ಇಲ್ಲ. ಇಂಜಿನ್ ಓಡುತ್ತಿರುವಾಗ, ಎಣ್ಣೆ 35ರಿಂದ 45 ಡಿಗ್ರಿಯಲ್ಲಿರುವಾಗ, ಓವರ್‌ಫ್ಲೋ ಪ್ಲಗ್ ಬಿಚ್ಚಿ ನೋಡಬೇಕು. ಹೆಬ್ಬಾಳದಿಂದ ಇಲ್ಲಿಗೆ ಓಡಿಸಿಕೊಂಡು ಬಂದರೆ ಅಷ್ಟರಲ್ಲಿ 60 ದಾಟಿರುತ್ತೆ, ಆಮೇಲೆ ಇಡೀ ಬೆಳಿಗ್ಗೆ ನಾವಿಬ್ಬರೂ ಅದು ಆರೋದನ್ನೇ ಕಾಯ್ತಾ ಕೂರಬೇಕು. ಶನಿವಾರ ರಾತ್ರಿಯೇ ಗಾಡಿ ಬಿಟ್ಟು ಹೋಗಿ. ಮನೆಗೆ ಬಸ್ಸಲ್ಲಿ ಹೋಗಿ ಸಾರ್, ಅದರಲ್ಲಿ ಪವರ್ ಚಿಂತೆ ಇಲ್ಲ.